ಟ್ಯಾಂಗ್ ಜಲಾಂತರ್ಗಾಮಿಯ ಇಪ್ಪತ್ನಾಲ್ಕನೆಯ ಟಾರ್ಪಿಡೊ: ಅದನ್ನು ವಿಧಿ ಎನ್ನಬಹುದೇ?

ಅಳಿವೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು, ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಮತ್ತು ಜಪಾನ್ ನಡುವೆ ನಡೆದ ಪೆಸಿಫಿಕ್ ಯುದ್ಧದ ಕುರಿತು ಇಲ್ಲಿ ನಡೆದ ಮಾತುಕತೆಯಲ್ಲಿ ಅಮೆರಿಕದ ಟ್ಯಾಂಗ್ ಜಲಾಂತರ್ಗಾಮಿಯ ಪ್ರಸ್ತಾಪ ಬಂದಿತ್ತು. ಆಗ ತುಂಗಾತೀರ ಅವರು, ಆ ಹಡಗು ತಾನು ಬಿಟ್ಟ ಟಾರ್ಪಿಡೊ (ನೀರಿನೊಳಗೆ ತಾನೇ ಓಡಿ ಹಡಗಿಗೆ ಬಡಿದು ಸಿಡಿಯುವ ಆಯುಧ) ತನಗೇ ತಿರುಗಿ ಬಂದು ಹೊಡೆದದ್ದು ವಿಧಿಯಲ್ಲದೆ ಮತ್ತೇನು ಎಂದು ಬರೆದು ಮಾತು ಮುಗಿಸಿದ್ದರು. ಅವರ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಆ ಮಾತನ್ನು ನನಗೆ ಒಪ್ಪಲು ಆಗುತ್ತಿಲ್ಲ. ಕಾರಣ ಹೇಳುವ ಮೊದಲು ಆ ಹಡಗಿನ ಕಥೆಯನ್ನು ತುಸು ವಿವರವಾಗಿ ಬರೆಯುತ್ತೇನೆ. ತಿಳಿದವರು ತಪ್ಪಿದ್ದರೆ ತಿದ್ದಬೇಕು.

ಟ್ಯಾಂಗ್ ಎಂಬುದು ಒಂದು ಜಾತಿಯ ಮೀನಿನ ಹೆಸರು. ಕ್ಯಾಲಿಫೋರ್ನಿಯಾದ ವಲ್ಲೇಹೊ ಊರಿನ ಮೇರ್ ಐಲೆಂಡ್ ಹಡಗುಕಟ್ಟೆಯಲ್ಲಿ ಕಟ್ಟಿದ ಈ ಬಲಾವೊ ದರ್ಜೆಯ ಜಲಾಂತರ್ಗಾಮಿ 1943ರ ಅಕ್ಟೋಬರ್ 15ರಂದು ಸೇವೆಗೆ ಸೇರಿತು. ಅದರ ನಾಯಕ ರಿಚರ್ಡ್ ಓ'ಕೇನ್ ಅದಕ್ಕೂ ಮೊದಲು ವಾಹೂ ಎಂಬ ಜಲಾಂತರ್ಗಾಮಿಯಲ್ಲಿ ಡಡ್ಲಿ ಮಾರ್ಟನ್ ಎಂಬ ಸಾಹಸಿ ಕಮಾಂಡರ್‌ನ ಕೈಕೆಳಗೆ ಎರಡನೆಯ ಸ್ಥಾನದಲ್ಲಿದ್ದವರು. ಟ್ಯಾಂಗ್ ಸೇವೆಗೆ ಸೇರುವುದಕ್ಕೆ ನಾಲ್ಕೇ ದಿನ ಮುಂಚೆ ವಾಹೂ ಜಪಾನಿನ ಉತ್ತರದ ಲಾ ಪೆರೂಸ್ ಜಲಸಂಧಿಯಲ್ಲಿ ಮಾರ್ಟನ್ ಮತ್ತು ಎಲ್ಲ ಸಿಬ್ಬಂದಿಯ ಸಮೇತ ಮುಳುಗಿಹೋಗಿತ್ತು. ಹೊಸ ಹಡಗಿನ ಅಧಿಕಾರ ವಹಿಸಿಕೊಳ್ಳುವ ಹೊತ್ತಿಗೆ ಹಳೆಯ ಹಡಗಿನ ಗೆಳೆಯರೆಲ್ಲ ಇಲ್ಲವಾಗಿದ್ದರು ಎಂಬುದನ್ನು ಮರೆತರೆ, ಮುಂದಿನ ಒಂದು ವರ್ಷ ಓ'ಕೇನ್ ಅಷ್ಟು ಛಲದಿಂದ ಹೋರಾಡಿದ್ದು ನಮಗೆ ಪೂರ್ತಿ ಅರ್ಥವಾಗಲಾರದು.

ಟ್ಯಾಂಗ್ ಒಟ್ಟು ಐದು ಬಾರಿ ಗಸ್ತಿಗೆ ಹೋಯಿತು. 1944ರ ಜನವರಿಯಲ್ಲಿ ಹೊರಟ ಮೊದಲ ಗಸ್ತಿನಲ್ಲೇ ಇಪ್ಪತ್ನಾಲ್ಕು ಟಾರ್ಪಿಡೊಗಳಲ್ಲಿ ಹದಿನಾರು ಗುರಿ ಮುಟ್ಟಿ ಐದು ಹಡಗುಗಳು ಮುಳುಗಿದವು. ಜೂನ್‌ನಲ್ಲಿ ಹಳದಿ ಸಮುದ್ರ ಮತ್ತು ಪೂರ್ವ ಚೀನಾ ಸಮುದ್ರಕ್ಕೆ ಹೋದ ಮೂರನೆಯ ಗಸ್ತು ಹತ್ತು ಹಡಗುಗಳನ್ನು ಮುಳುಗಿಸಿತು. ಒಂದೇ ಗಸ್ತಿನಲ್ಲಿ ಅಷ್ಟು ಹಡಗುಗಳನ್ನು ಬೇರಾವ ಅಮೆರಿಕನ್ ಜಲಾಂತರ್ಗಾಮಿಯೂ ಮುಳುಗಿಸಲಿಲ್ಲ. ಯುದ್ಧಾನಂತರದ ಸಮಿತಿ ಟ್ಯಾಂಗ್‌ನ ಲೆಕ್ಕಕ್ಕೆ 24 ಹಡಗು, 93,824 ಟನ್ ಎಂದು ಬರೆಯಿತು. ಆಮೇಲೆ ಜಪಾನೀ ದಾಖಲೆಗಳನ್ನು ತಾಳೆ ನೋಡಿದಾಗ ಅದು 33 ಹಡಗು, 1,16,454 ಟನ್‌ಗೆ ಏರಿತು. ಎರಡು ಪುಸ್ತಕಗಳಲ್ಲಿ ಎರಡು ಸಂಖ್ಯೆ ಕಂಡು ಗೊಂದಲವಾಗಿದೆ ಎಂದು ಹಿಂದೆ ಇಲ್ಲಿ ಕೇಳಿದವರಿಗೆ ಇದೇ ಉತ್ತರ.

ಐದನೆಯ ಗಸ್ತು 1944ರ ಸೆಪ್ಟೆಂಬರ್ 24ರಂದು ಪರ್ಲ್ ಹಾರ್ಬರ್‌ನಿಂದ ಹೊರಟಿತು. ಗುರಿ ಫಾರ್ಮೋಸಾ ಜಲಸಂಧಿ, ಅಂದರೆ ಇಂದಿನ ತೈವಾನ್ ಮತ್ತು ಚೀನಾದ ನಡುವಿನ ಆಳವಿಲ್ಲದ ಇಕ್ಕಟ್ಟಾದ ನೀರು. ಫಿಲಿಪೀನ್ಸಿನ ಲೇಟೆ ಕೊಲ್ಲಿಯಲ್ಲಿ ಮಹಾಕದನ ನಡೆಯುತ್ತಿದ್ದ ಆ ದಿನಗಳಲ್ಲಿ ಜಪಾನ್ ತನ್ನ ಪಡೆಗೆ ವಿಮಾನ, ಇಂಧನ, ಸಾಮಗ್ರಿಗಳನ್ನು ಇದೇ ದಾರಿಯಲ್ಲಿ ಕಳುಹಿಸುತ್ತಿತ್ತು. ಅಕ್ಟೋಬರ್ 24ರ ರಾತ್ರಿ ಟ್ಯಾಂಗ್ ನೀರಿನ ಮೇಲೆಯೇ ನಿಂತು ಒಂದು ದೊಡ್ಡ ಹಡಗುಸಾಲಿನ ಮೇಲೆ ಎರಗಿತು. ಕೊನೆಗೆ ಎರಡೇ ಟಾರ್ಪಿಡೊಗಳು ಉಳಿದಾಗ, ಏಟು ತಿಂದು ನಿಂತಿದ್ದ ಒಂದು ಹಡಗನ್ನು ಮುಗಿಸಲು ಅದು ಹಿಂತಿರುಗಿತು. ಅದಕ್ಕೂ ಮೊದಲು ದೂರ ಸರಿದು, ಉಳಿದ ಆ ಎರಡನ್ನೂ ಕೊಳವೆಯಿಂದ ಹೊರತೆಗೆದು ಪರೀಕ್ಷಿಸಿ ಮತ್ತೆ ತುಂಬಿದ್ದರು. ಇಪ್ಪತ್ಮೂರನೆಯದು ನೇರವಾಗಿ ಓಡಿತು. ಇಪ್ಪತ್ನಾಲ್ಕನೆಯದು ನೀರಿನಿಂದ ಮೇಲೆ ಚಿಮ್ಮಿ, ಎಡಕ್ಕೆ ಬಾಗಿ, ಡಾಲ್ಫಿನ್‌ನಂತೆ ಏಳುತ್ತ ಬೀಳುತ್ತ ವೃತ್ತಾಕಾರವಾಗಿ ತಮ್ಮ ಕಡೆಗೇ ಬರುತ್ತಿರುವುದನ್ನು ಮೇಲ್ಗಡೆ ನಿಂತವರು ಕಣ್ಣಾರೆ ಕಂಡರು. ಓ'ಕೇನ್ ಪೂರ್ಣ ವೇಗಕ್ಕೂ ಚುಕ್ಕಾಣಿಯನ್ನು ಪೂರ್ತಿ ಬಲಕ್ಕೆ ತಿರುಗಿಸುವುದಕ್ಕೂ ಆಜ್ಞೆ ಕೊಟ್ಟರು. ಸುಮಾರು ಇಪ್ಪತ್ತು ಸೆಕೆಂಡುಗಳಲ್ಲಿ ಅದು ಹಿಂಬದಿಯ ಟಾರ್ಪಿಡೊ ಕೋಣೆಯ ಪಕ್ಕಕ್ಕೆ ಬಡಿಯಿತು. ಹಿಂಭಾಗದ ಮೂರು ಕೋಣೆಗಳು ಕ್ಷಣದಲ್ಲಿ ನೀರು ತುಂಬಿಕೊಂಡವು. ಒಟ್ಟು 87 ಮಂದಿಯಲ್ಲಿ 78 ಮಂದಿ ಸತ್ತರು.

ಈಗ ನನ್ನ ಪ್ರಶ್ನೆ. ಮನುಷ್ಯರು ಮಾಡಿದ ಯಂತ್ರವೊಂದು, ಮನುಷ್ಯರಿಗೆ ಮೊದಲೇ ತಿಳಿದಿದ್ದ ದೋಷದಿಂದ, ತಡೆಯುವ ಉಪಾಯವೂ ಇದ್ದಾಗ ಹೀಗೆ ನಡೆದುಕೊಂಡರೆ ಅದಕ್ಕೆ ವಿಧಿ ಎಂದು ಹೆಸರಿಡಬಹುದೇ?

ಗೈರೋ ಬರೆದದ್ದು:

ಅಳಿವೆ ಅವರೇ, ನಾನು ಮೆಕ್ಯಾನಿಕಲ್ ಎಂಜಿನಿಯರ್. ಯಂತ್ರದ ಭಾಗವನ್ನು ನನಗೆ ಬಿಡಿ.

ಟಾರ್ಪಿಡೊವನ್ನು ನೇರ ದಾರಿಯಲ್ಲಿ ಇಡುವುದು ಅದರೊಳಗೆ ಬುಗುರಿಯಂತೆ ತಿರುಗುವ ಗೈರೋಸ್ಕೋಪ್. ದಾರಿ ಸ್ವಲ್ಪ ಎಡಕ್ಕೆ ಸರಿದರೆ ಅದು ಚುಕ್ಕಾಣಿಗೆ ಬಲಕ್ಕೆ ತಿರುಗಲು ಹೇಳುತ್ತದೆ, ಬಲಕ್ಕೆ ಸರಿದರೆ ಎಡಕ್ಕೆ. ಗೈರೋ ಕೆಟ್ಟರೆ, ಅಥವಾ ಚುಕ್ಕಾಣಿ ಒಂದೇ ಕಡೆಗೆ ಸಿಕ್ಕಿಹಾಕಿಕೊಂಡರೆ, ಟಾರ್ಪಿಡೊ ಗೂಟಕ್ಕೆ ಕಟ್ಟಿದ ಎತ್ತಿನಂತೆ ಸುತ್ತು ಹೊಡೆಯುತ್ತದೆ. ಟ್ಯಾಂಗ್‌ನಲ್ಲಿದ್ದವು ಮಾರ್ಕ್ 18 ಎಂಬ ವಿದ್ಯುತ್ ಟಾರ್ಪಿಡೊಗಳು. ಕೈವಶವಾದ ಜರ್ಮನ್ ಟಾರ್ಪಿಡೊವನ್ನು ನೋಡಿ ಮಾಡಿದವು. ಬ್ಯಾಟರಿಯಿಂದ ಓಡುವುದರಿಂದ ನೀರಿನ ಮೇಲೆ ಗುಳ್ಳೆಯ ಗೆರೆ ಬಿಡುತ್ತಿರಲಿಲ್ಲ ಎಂಬುದು ಅವುಗಳ ದೊಡ್ಡ ಗುಣ. ವೇಗ ಮಾತ್ರ ಕಡಿಮೆ, ಸುಮಾರು 29 ನಾಟ್.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆ. 29 ನಾಟ್ ಎಂದರೆ ಸೆಕೆಂಡಿಗೆ ಸುಮಾರು 15 ಮೀಟರ್. ಇಪ್ಪತ್ತು ಸೆಕೆಂಡಿಗೆ 300 ಮೀಟರ್. ಅದನ್ನು ಒಂದು ಪೂರ್ಣ ವೃತ್ತದ ಸುತ್ತಳತೆ ಎಂದುಕೊಂಡರೆ ವ್ಯಾಸ 95 ಮೀಟರ್ ಬರುತ್ತದೆ. ಟ್ಯಾಂಗ್‌ನ ಉದ್ದವೂ ಸರಿಸುಮಾರು 95 ಮೀಟರೇ! ನಿಜವಾದ ದಾರಿ ಅಷ್ಟು ಅಚ್ಚುಕಟ್ಟಾದ ವೃತ್ತವಾಗಿರಲಿಲ್ಲ, ಒಪ್ಪುತ್ತೇನೆ. ಆದರೂ ಎಷ್ಟು ಚಿಕ್ಕ ಜಾಗದೊಳಗೆ ಈ ಸಾವು ನಡೆಯಿತು ಎಂಬುದು ಇದರಿಂದ ಕಾಣುತ್ತದೆ. ನಿಧಾನವಾಗಿ ಚಲಿಸುತ್ತಿದ್ದ ಸಾವಿರದ ಐನೂರು ಟನ್ ತೂಕದ ಹಡಗು ಇಪ್ಪತ್ತು ಸೆಕೆಂಡಿನಲ್ಲಿ ತನ್ನ ಬಾಲವನ್ನು ಪಕ್ಕಕ್ಕೆ ಎಳೆದುಕೊಳ್ಳಬೇಕಿತ್ತು. ಏಟು ಬಿದ್ದದ್ದು ಹಡಗಿನ ನಡುವಿಗಲ್ಲ, ಬಾಲದ ತುದಿಯ ಹತ್ತಿರ. ಇದನ್ನು ನೋಡಿದರೆ ಓ'ಕೇನ್ ಅವರ ಆಜ್ಞೆ ಬಹುಪಾಲು ಫಲಿಸಿತ್ತು ಎಂದೇ ನನ್ನ ತೀರ್ಮಾನ.

ಇನ್ನು ತಡೆಯುವ ಉಪಾಯದ ಮಾತು. ಅಮೆರಿಕದ ಡಿಸ್ಟ್ರಾಯರ್ ನೌಕೆಗಳು ಬಳಸುತ್ತಿದ್ದ ಮಾರ್ಕ್ 15 ಟಾರ್ಪಿಡೊದಲ್ಲಿ ವೃತ್ತಾಕಾರದ ಓಟವನ್ನು ತಡೆಯುವ ಏರ್ಪಾಡು ಇತ್ತು. ಜಲಾಂತರ್ಗಾಮಿಗಳ ಮಾರ್ಕ್ 14ಕ್ಕೆ ಅದನ್ನು ಅಳವಡಿಸಲೇ ಇಲ್ಲ. ಟ್ಯಾಂಗ್‌ನ ಮಾರ್ಕ್ 18 ಅನ್ನು ತಡೆಯುವಂಥದ್ದೂ ಆ ರಾತ್ರಿ ಏನೂ ಇರಲಿಲ್ಲ. ಸುತ್ತಿ ಬರುವ ಟಾರ್ಪಿಡೊವನ್ನು ಕಂಡು ಗಡಿಬಿಡಿಯಲ್ಲಿ ಆಳಕ್ಕೆ ಇಳಿದು ಪಾರಾದ ಜಲಾಂತರ್ಗಾಮಿಗಳ ವರದಿಗಳು ಯುದ್ಧಕಾಲದಲ್ಲೇ ಬಂದಿದ್ದವು.

ಮೇಲಿನವರು ಕೆಳಗಿನವರ ದೂರನ್ನು ಕೇಳಿಸಿಕೊಳ್ಳದಿದ್ದ ಚರಿತ್ರೆಯೂ ಇದರ ಹಿಂದೆ ಇದೆ. ಮಾರ್ಕ್ 14 ಹೇಳಿದ ಆಳಕ್ಕಿಂತ ಕೆಳಗೆ ಓಡುತ್ತಿದೆ ಎಂದು ನಾವಿಕರು ಗೋಗರೆದರೂ ಶಸ್ತ್ರಾಸ್ತ್ರ ವಿಭಾಗ ನಂಬಲಿಲ್ಲ. ಕೊನೆಗೆ ಅಲ್ಲಿನ ಜಲಾಂತರ್ಗಾಮಿಗಳ ಮುಖ್ಯಸ್ಥ ಅಡ್ಮಿರಲ್ ಲಾಕ್‌ವುಡ್ 1942ರ ಜೂನ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಆಲ್ಬನಿಯಲ್ಲಿ ಮೀನಿನ ಬಲೆಯೊಂದನ್ನು ಕೊಂಡು, ನೀರಿನಲ್ಲಿ ಇಳಿಬಿಟ್ಟು, ಅದರತ್ತ ಟಾರ್ಪಿಡೊ ಹಾರಿಸಿ, ತೂತು ಎಲ್ಲಿ ಬಿದ್ದಿದೆ ಎಂದು ಅಳೆದು ತೋರಿಸಬೇಕಾಯಿತು. ಸರಾಸರಿ ಹನ್ನೊಂದು ಅಡಿ ಕೆಳಗೆ ಬಿದ್ದಿತ್ತು. 1943ರ ಜುಲೈನಲ್ಲಿ ಟಿನೋಸಾ ಜಲಾಂತರ್ಗಾಮಿ ನಿಂತ ಹಡಗೊಂದಕ್ಕೆ ಒಂದರ ಹಿಂದೊಂದು ಟಾರ್ಪಿಡೊ ಹೊಡೆದರೂ ಹೆಚ್ಚಿನವು ಸಿಡಿಯಲೇ ಇಲ್ಲ. ಆ ಬಳಿಕವೇ ಹವಾಯಿಯ ಕಹೋಲಾವೆ ದ್ವೀಪದ ಬಂಡೆಗೆ ಟಾರ್ಪಿಡೊ ಹೊಡೆದು ಸಿಡಿತಲೆಯನ್ನು ಸಿಡಿಸುವ ಭಾಗದ ದೋಷವನ್ನು ಪತ್ತೆ ಹಚ್ಚಿದರು. ಹೀಗಿರುವಾಗ ಟ್ಯಾಂಗ್‌ನ ಕೊನೆಯನ್ನು ಆಕಸ್ಮಿಕ ಎಂದು ಬೇಕಾದರೆ ಒಪ್ಪುತ್ತೇನೆ, ವಿಧಿ ಎಂದು ಒಪ್ಪುವುದಿಲ್ಲ.

ಓದುಗಿತ್ತಿ ಬರೆದದ್ದು:

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಅಳಿವೆ ಸರ್, ಮೂರನೆಯ ಗಸ್ತಿನ ಹತ್ತು ಹಡಗುಗಳನ್ನು ಒಂದೇ ಉಸಿರಿನಲ್ಲಿ ಎಣಿಸಿ ಮುಂದೆ ಹೋದದ್ದು ನನಗೆ ನೋವು ತಂದಿತು. ಅವುಗಳಲ್ಲಿ ಒಂದರ ಹೆಸರು ತಮಹೋಕೊ ಮಾರು. 1944ರ ಜೂನ್ 24ರ ರಾತ್ರಿ ನಾಗಸಾಕಿಯ ಹತ್ತಿರ ಮುಳುಗಿದ ಆ ಹಡಗಿನ ತಳದಲ್ಲಿ 772 ಮಂದಿ ಯುದ್ಧಕೈದಿಗಳಿದ್ದರು. ಆಸ್ಟ್ರೇಲಿಯಾದವರು, ಬ್ರಿಟಿಷರು, ಡಚ್ಚರು, ಟ್ಯಾಂಗ್‌ನವರ ಸ್ವಂತ ದೇಶದ ಅಮೆರಿಕನ್ನರು. ಅವರಲ್ಲಿ 560 ಮಂದಿ ಸತ್ತರು. ಬದುಕಿದವರನ್ನು ನಾಗಸಾಕಿಯ ಶಿಬಿರಕ್ಕೆ ಒಯ್ದರು. ಮುಂದಿನ ವರ್ಷದ ಆಗಸ್ಟ್‌ನಲ್ಲಿ ಆ ಊರಿಗೆ ಏನಾಯಿತು ಎಂಬುದು ಎಲ್ಲರಿಗೂ ಗೊತ್ತಿದೆ.

ಓ'ಕೇನ್ ತಪ್ಪಿತಸ್ಥರು ಎಂದು ನಾನು ಹೇಳುತ್ತಿಲ್ಲ. ಕೈದಿಗಳು ಇರುವ ಗುರುತು ಹಡಗಿನ ಮೇಲೆ ಇರಲಿಲ್ಲ, ಕತ್ತಲಲ್ಲಿ ಕಂಡದ್ದು ಸಾಮಾನು ಹೇರಿದ ಹಡಗುಗಳ ಸಾಲು ಮಾತ್ರ. ಆದರೆ 78 ಸಾವುಗಳ ಲೆಕ್ಕ ಬರೆಯುವಾಗ ಪಕ್ಕದಲ್ಲಿ ಆ 560ನ್ನೂ ಬರೆಯಬೇಕು ಎಂಬುದು ನನ್ನ ಕೋರಿಕೆ.

ಅಳಿವೆ ಬರೆದದ್ದು:

ಓದುಗಿತ್ತಿ ಅವರೇ, ನೀವು ಹೇಳಿದ್ದು ಸರಿ. ನಾನು ಬರೆಯಬೇಕಿತ್ತು, ಬರೆಯದೆ ಬಿಟ್ಟದ್ದು ತಪ್ಪಾಯಿತು.

ಕೊಂದ ಲೆಕ್ಕದ ಜೊತೆಗೆ ಉಳಿಸಿದ ಲೆಕ್ಕವನ್ನೂ ಸೇರಿಸುತ್ತೇನೆ. ಎರಡನೆಯ ಗಸ್ತಿನಲ್ಲಿ ಟ್ಯಾಂಗ್ ಒಂದು ಹಡಗನ್ನೂ ಮುಳುಗಿಸಲಿಲ್ಲ. ಏಪ್ರಿಲ್ ಕೊನೆಯಲ್ಲಿ ಅಮೆರಿಕದ ವಿಮಾನಗಳು ಪೆಸಿಫಿಕ್‌ನ ಟ್ರಕ್ ಎಂಬ ದ್ವೀಪಗಳ ಜಪಾನೀ ನೆಲೆಯ ಮೇಲೆ ದಾಳಿ ಮಾಡಿದಾಗ, ಸಮುದ್ರಕ್ಕೆ ಬಿದ್ದ ವೈಮಾನಿಕರನ್ನು ಎತ್ತಿಕೊಳ್ಳುವ ಕೆಲಸ ಅದಕ್ಕೆ ಬಂತು. ದಡದ ಫಿರಂಗಿಗಳ ಎದುರಲ್ಲೇ ಹಗಲು ಹೊತ್ತು ನೀರಿನ ಮೇಲೆ ಓಡಾಡಿ 22 ಮಂದಿಯನ್ನು ಅದು ಉಳಿಸಿತು. ನಾರ್ತ್ ಕ್ಯಾರೊಲಿನಾ ಯುದ್ಧನೌಕೆಯ ಪುಟ್ಟ ತೇಲುವಿಮಾನವೊಂದು ನೀರಿಗೆ ಇಳಿದು, ಬಿದ್ದವರನ್ನು ರೆಕ್ಕೆಗಳ ಮೇಲೆ ಕೂರಿಸಿಕೊಂಡಿತು. ಅಷ್ಟು ಭಾರಕ್ಕೆ ಅದು ಹಾರುವಂತಿರಲಿಲ್ಲ. ನೀರಿನ ಮೇಲೆಯೇ ತೆವಳುತ್ತ ಟ್ಯಾಂಗ್ ಬರುವವರೆಗೆ ಕಾದಿತ್ತು. ಆ ದೃಶ್ಯದ ಛಾಯಾಚಿತ್ರ ಉಳಿದಿದೆ. ಎರಡೂ ರೆಕ್ಕೆಗಳ ಮೇಲೆ ಮನುಷ್ಯರು ಸಾಲಾಗಿ ಅಂಟಿಕೊಂಡು ಕೂತಿದ್ದಾರೆ, ಕೆಳಗೆ ಸಮುದ್ರ.

ಹಳೆಯ ಡಾಲ್ಫಿನ್ ಬರೆದದ್ದು:

ನಾನು ಭಾರತೀಯ ನೌಕಾಪಡೆಯ ಜಲಾಂತರ್ಗಾಮಿ ವಿಭಾಗದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಎದೆಯ ಮೇಲೆ ಜಲಾಂತರ್ಗಾಮಿ ನಾವಿಕರ ಗುರುತಾದ ಡಾಲ್ಫಿನ್ ಬಿಲ್ಲೆ ಧರಿಸಿದವರಿಗೆ ಟ್ಯಾಂಗ್‌ನ ಕಥೆಯಲ್ಲಿ ಮುಖ್ಯವಾದದ್ದು ಟಾರ್ಪಿಡೊ ಬಡಿದ ಕ್ಷಣವಲ್ಲ, ಅನಂತರದ ಕೆಲವು ಗಂಟೆಗಳು. ಅದನ್ನು ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ.

ಹಡಗಿನ ಹಿಂಭಾಗ 180 ಅಡಿ ಆಳದ ತಳಕ್ಕೆ ಹೋಗಿ ಕೂತಿತು, ಮೂತಿ ಮಾತ್ರ ನೀರಿನ ಮೇಲೆ ಎದ್ದು ನಿಂತಿತ್ತು. ಹಾಗೆ ಓರೆಯಾಗಿ ನಿಂತರೆ ಶತ್ರುವಿಗೆ ಕಾಣುತ್ತದೆ, ಒಳಗೆ ನಡೆಯುವುದೂ ಕಷ್ಟ. ಒಳಗಿದ್ದವರು ಟ್ಯಾಂಕಿಗೆ ನೀರು ಬಿಟ್ಟು ಇಡೀ ಹಡಗನ್ನು ತಳಕ್ಕೆ ಸಮನಾಗಿ ಮಲಗಿಸಿದರು. ಇದನ್ನು ಓದುವಾಗಲೆಲ್ಲ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ತಪ್ಪಿಸಿಕೊಳ್ಳುವುದಕ್ಕಾಗಿಯೇ ತಮ್ಮ ಕೈಯಾರೆ ಹಡಗನ್ನು ಪೂರ್ತಿ ಮುಳುಗಿಸುವುದಕ್ಕೆ ಎಂಥ ಶಿಸ್ತು ಬೇಕು! ಸುಮಾರು ಮೂವತ್ತು ಮಂದಿ ಮುಂಭಾಗದ ಟಾರ್ಪಿಡೊ ಕೋಣೆಯನ್ನು ಸೇರಿದರು. ರಹಸ್ಯ ಕಾಗದಗಳನ್ನು ಸುಟ್ಟರು. ಮೇಲೆ ಜಪಾನೀ ಕಾವಲು ನೌಕೆಗಳು ಡೆಪ್ತ್ ಚಾರ್ಜ್, ಅಂದರೆ ನೀರಿನಾಳದಲ್ಲಿ ಸಿಡಿಯುವ ಬಾಂಬು, ಹಾಕುತ್ತಿದ್ದವು. ಪಕ್ಕದ ಬ್ಯಾಟರಿ ಕೋಣೆಯಲ್ಲಿ ಬೆಂಕಿ ಹತ್ತಿಕೊಂಡಿತು, ನಡುವಿನ ಗೋಡೆಯ ಬಣ್ಣ ಆ ಕಾವಿಗೆ ಸೀದುಹೋಗತೊಡಗಿತು.

ಬೆಳಿಗ್ಗೆ ಸುಮಾರು ಆರು ಗಂಟೆಗೆ ಅವರು ಹೊರಡಲು ಆರಂಭಿಸಿದರು. ಟಾರ್ಪಿಡೊ ಕೋಣೆಯ ಮೇಲ್ಗಡೆ ಒಂದು ಪುಟ್ಟ ಕಬ್ಬಿಣದ ಗೂಡು ಇರುತ್ತದೆ. ಮೂರು ನಾಲ್ಕು ಮಂದಿ ಅದರೊಳಗೆ ಹತ್ತಿ, ಕೆಳಗಿನ ಮುಚ್ಚಳ ಹಾಕಿಕೊಂಡು, ಹೊರಗಿನ ಸಮುದ್ರದ ನೀರನ್ನು ಒಳಗೆ ಬಿಡಬೇಕು. ನೀರು ಕುತ್ತಿಗೆಯವರೆಗೆ ಏರಿ, ಒಳಗಿನ ಗಾಳಿಯ ಒತ್ತಡ ಹೊರಗಿನ ನೀರಿನ ಒತ್ತಡಕ್ಕೆ ಸಮವಾದಾಗ ಪಕ್ಕದ ಬಾಗಿಲು ತೆರೆಯುತ್ತದೆ. ಎದೆಗೆ ಕಟ್ಟಿಕೊಂಡ ಮಾಮ್ಸೆನ್ ಲಂಗ್ ಎಂಬ ರಬ್ಬರ್ ಚೀಲದಿಂದ ಉಸಿರಾಡುತ್ತ, ತೇಲುಬುರುಡೆಗೆ ಕಟ್ಟಿದ ಹಗ್ಗ ಹಿಡಿದು ನಿಧಾನವಾಗಿ ಏರಬೇಕು. ಅವಸರಪಟ್ಟರೆ ಶ್ವಾಸಕೋಶ ಹರಿಯುತ್ತದೆ.

ನಮ್ಮ ಫಾಕ್ಸ್‌ಟ್ರಾಟ್ ದರ್ಜೆಯ ಸೋವಿಯತ್ ಹಡಗುಗಳಲ್ಲಿ ಕ್ರಮ ಬೇರೆ, ಟಾರ್ಪಿಡೊ ಕೊಳವೆಯೊಳಗೇ ತೆವಳಿ ಹೊರಹೋಗಬೇಕು. ತರಬೇತಿಯಲ್ಲಿ ಮೊದಲ ಬಾರಿ 533 ಮಿಲಿಮೀಟರ್ ವ್ಯಾಸದ ಆ ಕೊಳವೆಯೊಳಗೆ ಮಲಗಿದ್ದು ನನಗೆ ಇಂದಿಗೂ ನೆನಪಿದೆ. ಎರಡೂ ಭುಜಗಳು ಉಕ್ಕಿಗೆ ತಾಗುತ್ತವೆ. ಮುಂದಿರುವವನ ಕಾಲಿನ ಅಡಿ ಮುಖದ ಎದುರಿಗಿರುತ್ತದೆ. ಹಿಂದಿನ ಬಾಗಿಲು ಮುಚ್ಚಿದ ಸದ್ದು ಬೆನ್ನಮೂಳೆಯಲ್ಲಿ ಕೇಳಿಸುತ್ತದೆ. ಆಮೇಲೆ ತಣ್ಣೀರು ಹೊಟ್ಟೆಯ ಕೆಳಗಿನಿಂದ ಏರುತ್ತ ಬರುತ್ತದೆ, ಕಿವಿಗಳಲ್ಲಿ ಸೂಜಿ ಚುಚ್ಚಿದಂತಾಗುತ್ತದೆ. ಇಷ್ಟೆಲ್ಲ ಆಗುವಾಗ ಹೊರಗೆ ವೈದ್ಯರೂ ಬೋಧಕರೂ ನಿಂತಿದ್ದರು, ದೀಪ ಉರಿಯುತ್ತಿತ್ತು, ಯಾರೂ ಬಾಂಬು ಹಾಕುತ್ತಿರಲಿಲ್ಲ. ಆದರೂ ನನ್ನ ಬಾಯಿ ಒಣಗಿತ್ತು.

ಟ್ಯಾಂಗ್‌ನಿಂದ ಹದಿಮೂರು ಮಂದಿ ಹೀಗೆ ಹೊರಬಂದರು. ಎಂಟು ಮಂದಿ ಜೀವಂತವಾಗಿ ಮೇಲೆ ತಲುಪಿದರು. ಜಪಾನೀ ನೌಕೆ ಬಂದು ಎತ್ತಿಕೊಳ್ಳುವವರೆಗೆ ತೇಲಿ ಉಳಿದವರು ಐವರು. ಮೇಲಿನಿಂದ ನೀರಿಗೆ ಬಿದ್ದು ಇಡೀ ರಾತ್ರಿ ಈಜಿದ ಓ'ಕೇನ್ ಮತ್ತಿಬ್ಬರು, ಕಾನಿಂಗ್ ಟವರಿನಿಂದ (ಹಡಗಿನ ಮೇಲ್ಭಾಗದ ಪುಟ್ಟ ನಿಯಂತ್ರಣ ಕೋಣೆ) ಗಾಳಿಯ ಗುಳ್ಳೆ ಹುಡುಕುತ್ತ ಮೇಲೆ ಬಂದು, ಪ್ಯಾಂಟಿನ ಕಾಲುಗಳಿಗೆ ಗಂಟು ಹಾಕಿ ಗಾಳಿ ತುಂಬಿಸಿ ತೇಲಿದ ಲೆಫ್ಟಿನೆಂಟ್ ಸವಾಡ್ಕಿನ್, ಎಲ್ಲ ಸೇರಿ ಒಂಬತ್ತು ಜನ. ಉಳಿದವರು ಆ ಹೊಗೆ ತುಂಬಿದ ಕೋಣೆಯಲ್ಲೇ ಇದ್ದರು. ಅವರಲ್ಲಿ ಈಜು ಬಾರದವರೂ ಇದ್ದರು.

ಆ ಒಂಬತ್ತು ಜನರನ್ನು ಎತ್ತಿಕೊಂಡ ಜಪಾನೀ ನೌಕೆಯಲ್ಲಿ, ಅದೇ ರಾತ್ರಿ ಟ್ಯಾಂಗ್ ಮುಳುಗಿಸಿದ ಹಡಗುಗಳಿಂದ ಸುಟ್ಟಗಾಯಗಳೊಂದಿಗೆ ಬದುಕಿ ಬಂದವರೂ ಇದ್ದರು. ಅವರು ಇವರನ್ನು ಬಡಿದರು, ಒದ್ದರು. ಹೊಡೆಯುತ್ತಿರುವವರು ತಮ್ಮ ಕೈಕೆಲಸದ ಬಲಿಪಶುಗಳೇ ಎಂದು ಅರಿತಾಗ ಆ ಏಟುಗಳನ್ನು ಅಷ್ಟು ಕಹಿಯಿಲ್ಲದೆ ಸಹಿಸಲು ಆಯಿತು ಎಂಬರ್ಥದ ಮಾತನ್ನು ಓ'ಕೇನ್ ಯುದ್ಧ ಮುಗಿದ ಮೇಲೆ ತಮ್ಮ ವರದಿಯಲ್ಲೇ ಬರೆದರು. ಓದುಗಿತ್ತಿ ಮೇಡಂ ಎತ್ತಿದ ಮಾತಿಗೆ ಇದನ್ನೂ ಜೋಡಿಸಿಕೊಳ್ಳಬಹುದು.

ತುಂಗಾತೀರ ಬರೆದದ್ದು:

ವಿಧಿ ಎಂದು ಬರೆದವನು ನಾನೇ ಆದ್ದರಿಂದ ಉತ್ತರಿಸಬೇಕು. ಯಂತ್ರದೋಷವನ್ನು ಮುಚ್ಚಿಹಾಕುವ ಉದ್ದೇಶ ನನಗಿರಲಿಲ್ಲ. ಕೊನೆಯ ಟಾರ್ಪಿಡೊ ಹೋದ ಮೇಲೆ ಮನೆಗೆ ಮರಳಬೇಕಾಗಿದ್ದ ಹಡಗು ಆ ಕೊನೆಯದರಿಂದಲೇ ಹೋಯಿತಲ್ಲ ಎಂಬ ಸಂಕಟಕ್ಕೆ ನಮ್ಮ ಮನೆಗಳಲ್ಲಿ ಬಳಸುವ ಮಾತು ಅದೊಂದೇ. ಗೈರೋ ಅವರ ವಿವರಣೆ ಓದಿದ ಮೇಲೆ ಆ ಮಾತು ಯಾರನ್ನೋ ಜವಾಬ್ದಾರಿಯಿಂದ ಬಿಡುಗಡೆ ಮಾಡಿಬಿಡುತ್ತದೆ ಎಂಬುದು ತಿಳಿಯಿತು. ಹಿಂದೆಗೆದುಕೊಳ್ಳುತ್ತೇನೆ. ಒಂದು ಸಂದೇಹ ಉಳಿದಿದೆ: ಬೇರೆ ಯಾವುದಾದರೂ ಜಲಾಂತರ್ಗಾಮಿ ಹೀಗೆ ಮುಳುಗಿತ್ತೇ? ಮುಳುಗಿದ್ದರೆ ಅದರಿಂದ ಏಕೆ ಕಲಿಯಲಿಲ್ಲ?

ಗೈರೋ ಬರೆದದ್ದು:

ಮುಳುಗಿತ್ತು, ತುಂಗಾತೀರ ಅವರೇ. ಟ್ಯಾಂಗ್‌ಗೆ ಏಳು ತಿಂಗಳು ಮೊದಲು, 1944ರ ಮಾರ್ಚ್ 26ರಂದು, ಪಲಾವು ದ್ವೀಪಗಳ ಉತ್ತರಕ್ಕೆ ಟುಲಿಬೀ ಎಂಬ ಜಲಾಂತರ್ಗಾಮಿ ತನ್ನದೇ ಟಾರ್ಪಿಡೊದಿಂದ ಮುಳುಗಿತು. ಮೇಲ್ಗಡೆ ಕಾವಲು ನಿಂತಿದ್ದ ಒಬ್ಬನೇ ನಾವಿಕ ಬದುಕಿದ. ಅವನನ್ನು ಜಪಾನೀಯರು ಹಿಡಿದೊಯ್ದರು. ಯುದ್ಧ ಮುಗಿದು ಅವನು ಬಿಡುಗಡೆಯಾಗುವವರೆಗೆ ಟುಲಿಬೀಗೆ ಏನಾಯಿತೆಂದು ಅಮೆರಿಕದ ನೌಕಾಪಡೆಗೆ ತಿಳಿಯಲೇ ಇಲ್ಲ. ಟ್ಯಾಂಗ್‌ನದೂ ಹಾಗೆಯೇ. ಒಂಬತ್ತು ಸಾಕ್ಷಿಗಳೂ ಜಪಾನಿನ ಓಫುನಾ, ಓಮೊರಿ ಶಿಬಿರಗಳಲ್ಲಿ ಹಸಿವಿನಿಂದ ಮೂಳೆಚಕ್ಕಳವಾಗುತ್ತಿದ್ದಾಗ, ಅದೇ ಬಗೆಯ ಟಾರ್ಪಿಡೊಗಳನ್ನು ಬೇರೆ ಹುಡುಗರು ಬೇರೆ ಹಡಗುಗಳಿಗೆ ತುಂಬುತ್ತಿದ್ದರು. ಪಾಠ ಹೇಳಬಲ್ಲವರೆಲ್ಲ ಒಂದೋ ತಳದಲ್ಲಿದ್ದರು, ಇಲ್ಲವೇ ಸೆರೆಯಲ್ಲಿದ್ದರು. ಆದರೆ ಪಾರಾಗಿ ಬಂದ ಹಡಗುಗಳ ವರದಿಗಳು ಮೇಜಿನ ಮೇಲಿದ್ದವಲ್ಲ, ಅದಕ್ಕೆ ಈ ಸಮಾಧಾನ ಸಲ್ಲುವುದಿಲ್ಲ.

ಕೊಲ್ಲಿಯ ಕನ್ನಡಿಗ ಬರೆದದ್ದು:

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಇರುವ ಕನ್ನಡಿಗರಿಗೆ ಒಂದು ಮಾಹಿತಿ. ಟ್ಯಾಂಗ್‌ನದೇ ದರ್ಜೆಯ ಪಂಪನಿಟೊ ಜಲಾಂತರ್ಗಾಮಿ ಇಲ್ಲಿನ ಪಿಯರ್ 45ರಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಟ್ಯಾಂಗ್ ಹುಟ್ಟಿದ ಮೇರ್ ಐಲೆಂಡ್ ಕೂಡ ಇದೇ ಕೊಲ್ಲಿಯ ಉತ್ತರಕ್ಕಿದೆ. ಊರಿನಿಂದ ಬಂದ ನನ್ನ ತಂದೆಯನ್ನು ಕರೆದುಕೊಂಡು ಹೋಗಿದ್ದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ದುಂಡನೆಯ ಬಾಗಿಲಲ್ಲಿ ಅವರು ಮೊದಲು ಒಂದು ಕಾಲು, ಆಮೇಲೆ ತಲೆ, ಆಮೇಲೆ ಇನ್ನೊಂದು ಕಾಲು ಹಾಕಿ ದಾಟಬೇಕಾಯಿತು. ಅರ್ಧ ದಾರಿಗೇ ದಣಿದು ನಿಂತರು. ಎಂಟು ದಶಕ ಕಳೆದರೂ ಒಳಗೆ ಡೀಸೆಲ್ ವಾಸನೆ ಹೋಗಿಲ್ಲ. ಮುಂಭಾಗದ ಕೋಣೆಯಲ್ಲಿ ಆರು ಟಾರ್ಪಿಡೊ ಕೊಳವೆಗಳ ಹಿತ್ತಾಳೆಯ ಬಾಗಿಲುಗಳು ಹೊಳೆಯುತ್ತವೆ, ಟಾರ್ಪಿಡೊಗಳ ಮೇಲೆ ಕೆಳಗೆ ನಾವಿಕರ ಹಾಸಿಗೆಗಳು. ಅಲ್ಲಿ ಹತ್ತು ಮಂದಿ ಪ್ರವಾಸಿಗರು ನಿಂತಾಗಲೇ ಒಬ್ಬರಿಗೊಬ್ಬರು ತಾಗುತ್ತಿದ್ದೆವು. ಹಳೆಯ ಡಾಲ್ಫಿನ್ ಸರ್ ಬರೆದ ಮೂವತ್ತು ಮಂದಿ, ಗಾಯ, ಹೊಗೆ, ಕತ್ತಲು, ಓರೆ ನೆಲ, ಇವೆಲ್ಲ ಅದೇ ಅಳತೆಯ ಕೋಣೆಯಲ್ಲಿ ಆದದ್ದು ಎಂದು ಈಗ ಓದುವಾಗ ಮೈ ಜುಮ್ಮೆನ್ನುತ್ತದೆ.

ಹಳೆಯ ಡಾಲ್ಫಿನ್ ಬರೆದದ್ದು:

ತಂದೆಯವರನ್ನು ಕರೆದುಕೊಂಡು ಹೋದದ್ದು ಒಳ್ಳೆಯದಾಯಿತು. ಇದೇ ವಂಶದ ಹಡಗೊಂದು ನಮ್ಮ ವಿಶಾಖಪಟ್ಟಣದ ಹೊರಗೂ ತಳದಲ್ಲಿದೆ. 1971ರ ಡಿಸೆಂಬರ್‌ನಲ್ಲಿ ಮುಳುಗಿದ ಪಾಕಿಸ್ತಾನದ ಘಾಜಿ, ಅಮೆರಿಕನ್ನರು ಡಯಾಬ್ಲೊ ಎಂದು ಕಟ್ಟಿದ, ಬಲಾವೊದ ಮುಂದಿನ ಟೆಂಚ್ ದರ್ಜೆಯ ಹಡಗು. ಶತ್ರುವಿನದಾದರೂ ಆ ನೀರಿನ ಮೇಲೆ ಹಾದುಹೋಗುವಾಗ ನಮ್ಮ ಹಿರಿಯರು ಅದರ ಮಾತನ್ನು ದನಿ ತಗ್ಗಿಸಿಯೇ ಆಡುತ್ತಿದ್ದರು.

ಕೊಲ್ಲಿಯ ಕನ್ನಡಿಗರೇ, ಮತ್ತೊಮ್ಮೆ ಹೋದರೆ ಆ ಕೋಣೆಯ ಚಾವಣಿಯನ್ನು ನೋಡಿ. ಟಾರ್ಪಿಡೊ ಕೊಳವೆಗಳಿಗೆ ಬೆನ್ನು ಹಾಕಿ ನಿಂತರೆ ಮೇಲೆ ಒಂದು ದುಂಡು ಮುಚ್ಚಳ ಕಾಣಬೇಕು. ಆ ಗೂಡಿನ ಬಾಯಿ ಅದೇ.

ಕೊಲ್ಲಿಯ ಕನ್ನಡಿಗ ಬರೆದದ್ದು:

ಅಂದು ತಲೆ ಎತ್ತಿ ನೋಡಿರಲಿಲ್ಲ, ಸರ್. ಬರುವ ಶನಿವಾರ ಹೋಗುತ್ತೇನೆ. ಮುಚ್ಚಳದ ಅಳತೆ ತೆಗೆದುಕೊಳ್ಳಲು ಬಿಟ್ಟರೆ ಅದನ್ನೂ ಚಿತ್ರವನ್ನೂ ಇಲ್ಲಿ ಹಾಕುತ್ತೇನೆ.